ನಡುರಸ್ತೆಯ ಕಟ್ಟೆ



ಕಳೆದ ವಾರ ಬೆಳಗಿನ ಹೊತ್ತು ಗ್ರಂಥಾಲಯಕ್ಕೆ ಹೊರಟಿದ್ದೆ. ನಮ್ಮ ಮನೆಗೂ ಗ್ರಂಥಾಲಯಕ್ಕೂ ನಡುವೆ ಇರುವುದು ಒಂದೇ ಒಂದು ದೊಡ್ಡ ರಸ್ತೆ. ಆದರೆ ಆ ಒಂದು ರಸ್ತೆಯನ್ನು ದಾಟಲು ನನಗೆ ಹಿಡಿಯುವ ಸಮಯವು ಉಳಿದ ದಾರಿಯನ್ನೆಲ್ಲ ನಡೆಯಲು ಹಿಡಿಯುವ ಸಮಯಕ್ಕಿಂತ ಹೆಚ್ಚು. ಅಂದು ಹೇಗೋ ಅರ್ಧ ರಸ್ತೆಯನ್ನು ದಾಟಿ, ನಡುವೆ ಇರುವ ಗೇಣೆತ್ತರದ ಕಟ್ಟೆಯ ಮೇಲೆ ಕಾಲಿಟ್ಟು, ದೀಪದ ಕಂಬವನ್ನು ಹಿಡಿದುಕೊಂಡು ನಿಂತೆ. ಹಿಂದೆಯೂ ವಾಹನಗಳು, ಮುಂದೆಯೂ ವಾಹನಗಳು. ತುಂಬಿದ ಹೊಳೆಯ ನಡುವೆ ಬಂಡೆಯೊಂದನ್ನು ಹಿಡಿದು ನಿಂತವನ ಸ್ಥಿತಿ ನನ್ನದು. ಮೊಣಕಾಲಿನ ನೋವು ತುಸು ಇಳಿದ ಮೇಲೆ ಒಂದು ಪ್ರಶ್ನೆ ಹುಟ್ಟಿತು: ನನ್ನನ್ನು ಈ ಕ್ಷಣ ಕಾಪಾಡಿರುವ ಈ ಕಟ್ಟೆಯನ್ನು ಮೊದಲು ಯೋಚಿಸಿದವರು ಯಾರು?

ಮೂವತ್ತು ವರ್ಷಗಳಿಗೂ ಮೀರಿ ನಾನು ನಿಮಗೆಲ್ಲ ಇತಿಹಾಸವನ್ನು ಬೋಧಿಸಿದೆ. ಯುದ್ಧಗಳ ಇಸವಿಗಳನ್ನು ಬಾಯಿಪಾಠ ಮಾಡಿಸಿದೆ. ಅಶೋಕನು ರಸ್ತೆಯ ಬದಿಯಲ್ಲಿ ಮರಗಳನ್ನು ನೆಡಿಸಿದ ಸಂಗತಿಯನ್ನು ಪ್ರತಿ ವರ್ಷವೂ ಪರೀಕ್ಷೆಯಲ್ಲಿ ಕೇಳಿದೆ. ಆದರೆ ರಸ್ತೆಯನ್ನು ಅಡ್ಡಲಾಗಿ ದಾಟುವ ಸಾಮಾನ್ಯ ಮನುಷ್ಯನಿಗೂ ಒಂದು ಇತಿಹಾಸವಿದೆ ಎಂಬುದನ್ನು ಒಮ್ಮೆಯೂ ಹೇಳಲಿಲ್ಲ. ಆ ಪಾಠದ ಬಾಕಿಯನ್ನು ಇಂದು ತೀರಿಸುತ್ತಿದ್ದೇನೆ. ಇದನ್ನು ಬರೆಯಲು ಇನ್ನೊಂದು ಕಾರಣವೂ ಇದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಮೊದಲು ಇಟಲಿಯ ಪೊಂಪೇ ನಗರಕ್ಕೆ ಹೋಗೋಣ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಊರು ಅದು. ಬೂದಿಯಲ್ಲಿ ಹುದುಗಿದ್ದರಿಂದಲೇ ಅದರ ಬೀದಿಗಳು ಇಂದಿಗೂ ಹಾಗೆಯೇ ಉಳಿದಿವೆ. ಆ ಬೀದಿಗಳಲ್ಲಿ ಅಲ್ಲಲ್ಲಿ ಒಂದು ಬದಿಯ ಕಾಲುದಾರಿಯಿಂದ ಇನ್ನೊಂದು ಬದಿಯ ಕಾಲುದಾರಿಗೆ ಸಾಲಾಗಿ ದಪ್ಪನೆಯ ಕಲ್ಲುಗಳನ್ನು ನೆಟ್ಟಿದ್ದಾರೆ. ಅವುಗಳ ಎತ್ತರ ಹೆಚ್ಚುಕಡಿಮೆ ಕಾಲುದಾರಿಯ ಎತ್ತರದಷ್ಟೇ. ಕಾರಂಜಿಗಳಿಂದ ಹೆಚ್ಚಾಗಿ ಹರಿದ ನೀರು, ಮಳೆಯ ನೀರು, ಊರಿನ ಕೊಳಕು ಎಲ್ಲವೂ ಬೀದಿಯಲ್ಲಿಯೇ ಹರಿಯುತ್ತಿದ್ದುದರಿಂದ ಜನರು ಕಾಲು ನೆನೆಯದಂತೆ ಕಲ್ಲಿನಿಂದ ಕಲ್ಲಿಗೆ ಹೆಜ್ಜೆಯಿಟ್ಟು ದಾಟುತ್ತಿದ್ದರು. ಕಲ್ಲುಗಳ ನಡುವಿನ ಸಂದಿಯಲ್ಲಿ ಗಾಡಿಯ ಚಕ್ರಗಳು ತೂರಿಹೋಗುತ್ತಿದ್ದವು; ಚಕ್ರಗಳು ಉಜ್ಜಿ ಉಜ್ಜಿ ನೆಲದ ಹಾಸುಗಲ್ಲಿನಲ್ಲಿ ಬಿದ್ದ ಗಾಡಿಜಾಡು ಈಗಲೂ ಕಾಣುತ್ತದೆ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಆ ಏರ್ಪಾಟಿನಲ್ಲಿ ನಡೆಯುವವನು ತನ್ನ ಎತ್ತರದಿಂದ ಕೆಳಗಿಳಿಯಬೇಕಾಗಿರಲಿಲ್ಲ. ಜೋಪಾನವಾಗಿ, ನಿಧಾನವಾಗಿ, ಸಂದಿಯನ್ನು ನೋಡಿಕೊಂಡು ಹೋಗಬೇಕಾಗಿದ್ದವನು ಗಾಡಿ ಹೊಡೆಯುವವನು.

ಈ ಬುದ್ಧಿವಂತಿಕೆ ಪೊಂಪೇಯೊಡನೆಯೇ ಮಣ್ಣಿನಡಿ ಸೇರಿತು ಎನ್ನಬಹುದು. ನಡುರಸ್ತೆಯಲ್ಲಿ ನಿಲ್ಲಲು ಒಂದು ನೆಲೆ ಬೇಕು ಎಂಬ ಮಾತು ಮತ್ತೆ ಕೇಳಿಬಂದದ್ದು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ. ಮೋಟಾರು ಇನ್ನೂ ಹುಟ್ಟದ ಕಾಲ ಅದು. ಆದರೆ ಕುದುರೆಗಾಡಿಗಳ ಕಾಲವೆಂದರೆ ಶಾಂತವಾದ ಕಾಲವೆಂದು ಭಾವಿಸಬೇಡಿ. ಸಾರೋಟುಗಳು, ಬಾಡಿಗೆಯ ಬಂಡಿಗಳು, ಸರಕಿನ ಗಾಡಿಗಳು, ಆಮ್ನಿಬಸ್ಸುಗಳು ಬೀದಿಯನ್ನು ಕಿಕ್ಕಿರಿದು ತುಂಬುತ್ತಿದ್ದವು. ಕೆಸರು ಮತ್ತು ಲದ್ದಿಯ ನಡುವೆ ದಾಟುವವರಿಗಾಗಿ ಪೊರಕೆ ಹಿಡಿದು ದಾರಿಯನ್ನು ಗುಡಿಸಿಕೊಟ್ಟು ಬಿಡಿಗಾಸು ಬೇಡುವ ಬಡವರ ಒಂದು ವರ್ಗವೇ ಲಂಡನ್ನಿನಲ್ಲಿತ್ತು. ಚಾರ್ಲ್ಸ್ ಡಿಕನ್ಸ್ ತನ್ನ 'ಬ್ಲೀಕ್ ಹೌಸ್' ಕಾದಂಬರಿಯಲ್ಲಿ ಚಿತ್ರಿಸಿದ ಜೋ ಎಂಬ ಅನಾಥ ಬಾಲಕ ಅಂತಹ ಒಬ್ಬ ಗುಡಿಸುವವನು.

ಇಂತಹ ಕಾಲದಲ್ಲಿ, 1860ರಲ್ಲಿ, ಲಿವರ್‌ಪೂಲ್ ನಗರದ ಜಾನ್ ಹೇಸ್ಟಿಂಗ್ಸ್ ಎಂಬವನು, ಬೀದಿಯ ನಡುವೆ ಜನರು ನಿಲ್ಲಲು ಆಸರೆಯ ಕಟ್ಟೆಗಳನ್ನು ಕಟ್ಟಿಸಬೇಕೆಂದು ನಗರಾಡಳಿತಕ್ಕೆ ಸಲಹೆ ನೀಡಿದನು. ಅವನು ಎಂಜಿನಿಯರನಲ್ಲ, ಅಧಿಕಾರಿಯಲ್ಲ. ಕುದುರೆಗಳಿಗೆ ಜೀನು ತಯಾರಿಸುವ ಕಸುಬುದಾರ. ಕುದುರೆಗಳಿಂದಲೇ ಅನ್ನ ಕಂಡವನು ಕುದುರೆಗಳಿಂದ ಜನರನ್ನು ಕಾಪಾಡಬೇಕೆಂದು ಕೇಳಿದ್ದು ನನಗೆ ಬಹಳ ಹಿಡಿಸಿತು. ಎರಡು ವರ್ಷಗಳ ಬಳಿಕ, 1862ರಲ್ಲಿ, ಲಿವರ್‌ಪೂಲಿನ ಬೀದಿಗಳಲ್ಲಿ ಅಂತಹ ಕಟ್ಟೆಗಳು ತಲೆಯೆತ್ತಿದವು. ಇಂಗ್ಲಿಷಿನಲ್ಲಿ ಅವುಗಳನ್ನು 'ರೆಫ್ಯೂಜ್' ಎಂದು ಕರೆದರು. ಆಶ್ರಯ, ಆಸರೆ ಎಂಬುದು ಅದರ ಅರ್ಥ. ಈ ಹೆಸರನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಲಂಡನ್ನಿನಲ್ಲಿ ಇದರ ಕಥೆ ತುಸು ವಿನೋದವಾಗಿದೆ. ಕರ್ನಲ್ ಪಿಯರ್‌ಪಾಯಿಂಟ್ ಎಂಬ ಸೇನಾಧಿಕಾರಿಗೆ ಸೇಂಟ್ ಜೇಮ್ಸ್ ಬೀದಿಯನ್ನು ದಾಟಿ ತನ್ನ ಕ್ಲಬ್ಬಿಗೆ ಹೋಗುವುದು ದಿನನಿತ್ಯದ ಭಯವಾಗಿತ್ತು. ಆತ 1864ರಲ್ಲಿ ತನ್ನ ಸ್ವಂತ ಖರ್ಚಿನಿಂದ ಆ ಬೀದಿಯ ನಡುವೆ ಒಂದು ಕಟ್ಟೆಯನ್ನು ಕಟ್ಟಿಸಿದನು. ಕಟ್ಟೆ ಮುಗಿದ ಮೇಲೆ ಅದರಿಂದ ಇಳಿದು ಹೋಗುತ್ತ, ತನ್ನ ಕೃತಿಯನ್ನು ಕಣ್ತುಂಬ ನೋಡಲೆಂದು ಹಿಂದಿರುಗಿ ನಿಂತಾಗ, ಬಂದ ಬಾಡಿಗೆ ಬಂಡಿಯೊಂದು ಅವನನ್ನು ಕೆಡವಿತು ಎಂದು ಹೇಳುತ್ತಾರೆ. ಈ ಉತ್ತರಾರ್ಧವು ಎಷ್ಟು ನಿಜವೋ ಎಷ್ಟು ಕಟ್ಟುಕಥೆಯೋ, ಅದರೊಳಗಿನ ನೀತಿ ಮಾತ್ರ ನಿಜ: ಕಟ್ಟೆಯ ಮೇಲಿರುವವರೆಗೆ ಮಾತ್ರ ಕಟ್ಟೆ ಕಾಯುತ್ತದೆ.

ಅದೇ ಕಾಲದಲ್ಲಿ ಯಂತ್ರದಿಂದ ರಸ್ತೆಯನ್ನು ಆಳುವ ಪ್ರಯತ್ನವೂ ನಡೆಯಿತು. ರೈಲ್ವೆ ಎಂಜಿನಿಯರ್ ಜೆ. ಪಿ. ನೈಟ್ ಎಂಬವನು 1868ರ ಡಿಸೆಂಬರಿನಲ್ಲಿ ಲಂಡನ್ನಿನ ಪಾರ್ಲಿಮೆಂಟ್ ಭವನದ ಬಳಿ ಅನಿಲದ ದೀಪವುಳ್ಳ ಸಂಕೇತಕಂಬವೊಂದನ್ನು ನಿಲ್ಲಿಸಿದನು. ಹಗಲಿನಲ್ಲಿ ರೈಲಿನ ಕೈಕಂಬದಂತೆ ತೋಳುಗಳು, ರಾತ್ರಿ ಕೆಂಪು ಹಸಿರು ದೀಪಗಳು. ಒಂದು ತಿಂಗಳು ತುಂಬುವುದರೊಳಗೆ ಅನಿಲ ಸೋರಿ ಅದು ಸಿಡಿಯಿತು. ನಡೆಸುತ್ತಿದ್ದ ಪೊಲೀಸಿನವನು ಗಾಯಗೊಂಡನು. ಕಲ್ಲಿನ ಕಟ್ಟೆಗೆ ಅನಿಲವೂ ಬೇಡ, ಪೊಲೀಸಿನವನೂ ಬೇಡ. ಅದು ಮೌನವಾಗಿ ಉಳಿದುಕೊಂಡಿತು.

ಬಳಿಕ ಮೋಟಾರು ಬಂದಿತು. 1896ರ ಆಗಸ್ಟ್ 17ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಆವರಣದಲ್ಲಿ ಮಗಳೊಡನೆ ನಡೆದು ಹೋಗುತ್ತಿದ್ದ ಬ್ರಿಜೆಟ್ ಡ್ರಿಸ್ಕಾಲ್ ಎಂಬ ಹೆಂಗಸು ಕಾರಿಗೆ ಸಿಕ್ಕಿ ಮರಣ ಹೊಂದಿದಳು. ಬ್ರಿಟನ್ನಿನಲ್ಲಿ ಮೋಟಾರು ಕಾರಿಗೆ ಬಲಿಯಾದ ಮೊದಲ ಪಾದಚಾರಿ ಆಕೆ. ಆ ಕಾರಿನ ವೇಗ ಇಂದಿನ ಸೈಕಲ್ ಸವಾರನ ವೇಗವನ್ನೂ ಮೀರಿರಲಿಲ್ಲ. ವಿಚಾರಣೆಯಲ್ಲಿ ಅದು ಆಕಸ್ಮಿಕ ಮರಣವೆಂದು ತೀರ್ಮಾನವಾಯಿತು. ಇಂತಹದು ಮತ್ತೆಂದೂ ನಡೆಯಬಾರದೆಂದು ವಿಚಾರಣಾಧಿಕಾರಿ ಆಶಿಸಿದರಂತೆ. ಅದೇ ವರ್ಷದ ನವೆಂಬರಿನಲ್ಲಿ ಹೊಸ ಕಾಯಿದೆ ಜಾರಿಗೆ ಬಂದು, ಹಳ್ಳಿಗಾಡಿನ ರಸ್ತೆಯಲ್ಲಿ ಗಂಟೆಗೆ 4 ಮೈಲಿ, ಪಟ್ಟಣದಲ್ಲಿ 2 ಮೈಲಿ ಎಂದಿದ್ದ ವೇಗದ ಮಿತಿಯು 14 ಮೈಲಿಗೆ ಏರಿತು. ಇತಿಹಾಸದ ಮೇಷ್ಟ್ರು ಇದಕ್ಕೆ ಬೇರೆ ಟಿಪ್ಪಣಿ ಬರೆಯಬೇಕಾಗಿಲ್ಲ.

ಇಲ್ಲಿಂದ ಮುಂದೆ ನಿಜವಾದ ಜಗಳ ಆರಂಭವಾಗುತ್ತದೆ. ಅದನ್ನು ತಿಳಿಯಲು ಅಮೆರಿಕದ ಕಡೆಗೆ ನೋಡಬೇಕು. ನ್ಯೂಯಾರ್ಕಿನ ವಿಲಿಯಂ ಫೆಲ್ಪ್ಸ್ ಈನೋ ಎಂಬವನು ಆ ನಗರಕ್ಕೆ 1903ರಲ್ಲಿ ಸಂಚಾರ ನಿಯಮಗಳನ್ನು ರೂಪಿಸಿಕೊಟ್ಟವನು. ನಡುರಸ್ತೆಯ ಸುರಕ್ಷಿತ ದ್ವೀಪಗಳನ್ನು ಪ್ರಚಾರ ಮಾಡಿದವರಲ್ಲಿ ಅವನೂ ಒಬ್ಬ. ಸಂಚಾರ ಶಾಸ್ತ್ರದ ಪಿತಾಮಹನೆನಿಸಿದ ಈತ ತಾನು ಮಾತ್ರ ಕಾರು ನಡೆಸಲು ಕಲಿಯಲೇ ಇಲ್ಲ! ಆದರೆ ಕಾಲ ಅವನ ಕಡೆಗಿರಲಿಲ್ಲ. 1923ರಲ್ಲಿ ಸಿನ್ಸಿನಾಟಿ ನಗರದ ನಲವತ್ತು ಸಾವಿರಕ್ಕೂ ಹೆಚ್ಚು ನಾಗರಿಕರು, ಕಾರುಗಳು ಗಂಟೆಗೆ 25 ಮೈಲಿಗಿಂತ ವೇಗವಾಗಿ ಓಡದಂತೆ ಎಂಜಿನ್ನಿಗೇ ಕಡಿವಾಣ ಹಾಕಬೇಕೆಂದು ಅರ್ಜಿಗೆ ಸಹಿ ಹಾಕಿದರು. ಕಾರಿನ ವ್ಯಾಪಾರಿಗಳು ದೊಡ್ಡ ಪ್ರಚಾರ ನಡೆಸಿದರು. ಮತದಾನದಲ್ಲಿ ಆ ಪ್ರಸ್ತಾಪ ಸೋತಿತು.

ಅದೇ ವರ್ಷಗಳಲ್ಲಿ 'ಜೇವಾಕರ್' ಎಂಬ ಪದವೂ ಬೇರೂರಿತು. 'ಜೇ' ಎಂದರೆ ಪಟ್ಟಣದ ರೀತಿನೀತಿ ತಿಳಿಯದ ಹಳ್ಳಿಯ ಗಮಾರ. ಮನಬಂದಲ್ಲಿ ರಸ್ತೆ ದಾಟುವವನು ಗಮಾರ ಎಂದು ಹೀಯಾಳಿಸುವ ಮಾತು ಅದು. ಸಾವಿರಾರು ವರ್ಷಗಳಿಂದ ಬೀದಿ ಎಲ್ಲರದಾಗಿತ್ತು: ಮಕ್ಕಳು ಆಡುತ್ತಿದ್ದರು, ವ್ಯಾಪಾರಿಗಳು ಕೂಗುತ್ತಿದ್ದರು, ಮುದುಕರು ನಿಂತು ಮಾತನಾಡುತ್ತಿದ್ದರು. ಕೆಲವೇ ವರ್ಷಗಳಲ್ಲಿ ಅದು ವಾಹನದ ಸ್ವತ್ತಾಯಿತು, ನಡೆಯುವವನು ಅತಿಕ್ರಮಣಕಾರನಾದನು. ಯಾವ ಯುದ್ಧವೂ ನಡೆಯದೆ ಒಂದು ರಾಜ್ಯ ಕೈಬದಲಾಯಿತು ಎಂದೇ ನಾನು ಇದನ್ನು ಹೇಳುತ್ತೇನೆ.

ಬ್ರಿಟನ್ನಿನಲ್ಲಿ 1934ರ ಒಂದೇ ವರ್ಷದಲ್ಲಿ 7,343 ಜನರು ರಸ್ತೆಯಲ್ಲಿ ಸತ್ತರು. ಅವರಲ್ಲಿ ಸುಮಾರು ಅರ್ಧದಷ್ಟು ಜನ ಪಾದಚಾರಿಗಳು. ಆ ವರ್ಷ ಸಾರಿಗೆ ಸಚಿವನಾದ ಲೆಸ್ಲಿ ಹೋರ್-ಬೆಲೀಷಾ, ದಾಟುವ ಸ್ಥಳಗಳಲ್ಲಿ ಕಪ್ಪುಬಿಳುಪು ಕಂಬದ ಮೇಲೆ ಕಿತ್ತಳೆ ಬಣ್ಣದ ಗೋಳವಿರುವ ದೀಪಗಳನ್ನು ನೆಡಿಸಿದನು. ಇಂದಿಗೂ ಅವು ಅವನ ಹೆಸರಿನಿಂದಲೇ ಪ್ರಸಿದ್ಧ. 1951ರಲ್ಲಿ ರಸ್ತೆಯ ಮೇಲೆ ಕಪ್ಪುಬಿಳುಪು ಪಟ್ಟೆಗಳು, ಅಂದರೆ ನಮಗೆಲ್ಲ ಪರಿಚಿತವಾದ ಜೀಬ್ರಾ ಕ್ರಾಸಿಂಗ್, ಕಾನೂನಿನ ಮಾನ್ಯತೆ ಪಡೆದವು. ಆ ದೇಶದ ನಿಯಮಗಳಲ್ಲಿ ಒಂದು ಸೊಗಸಾದ ಅಂಶವಿದೆ: ಜೀಬ್ರಾ ಪಟ್ಟೆಯ ನಡುವೆ ಆಸರೆಯ ಕಟ್ಟೆಯಿದ್ದರೆ, ಅದರ ಎರಡು ಅರ್ಧಗಳನ್ನು ಎರಡು ಪ್ರತ್ಯೇಕ ದಾಟುವಿಕೆಗಳೆಂದು ಎಣಿಸಬೇಕು.

ಇದರ ಮಹತ್ವವೇನೆಂದು ನೀವು ಕೇಳಬಹುದು. ಕಪ್ಪುಹಲಗೆಯ ಮೇಲೆ ಬರೆದಂತೆ ಲೆಕ್ಕವನ್ನೇ ಮಾಡಿ ತೋರಿಸುತ್ತೇನೆ. ರಸ್ತೆಯ ಅಗಲ 14 ಮೀಟರ್ ಎಂದಿಟ್ಟುಕೊಳ್ಳಿ. ಗಟ್ಟಿಮುಟ್ಟಾದವನು ಸೆಕೆಂಡಿಗೆ 1.2 ಮೀಟರಿನಂತೆ ನಡೆದರೆ 12 ಸೆಕೆಂಡಿನೊಳಗೆ ದಾಟುತ್ತಾನೆ. ನನ್ನಂತಹ ಮುದುಕನ ವೇಗ ಸೆಕೆಂಡಿಗೆ 0.8 ಮೀಟರ್ ಎನ್ನಿ. ನನಗೆ ಹದಿನೇಳೂವರೆ ಸೆಕೆಂಡು ಬೇಕು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುವ ವಾಹನ ಅಷ್ಟು ಹೊತ್ತಿನಲ್ಲಿ ಸುಮಾರು 290 ಮೀಟರ್ ಓಡುತ್ತದೆ. ಎಂದರೆ ಹೆಜ್ಜೆ ಕೀಳುವ ಮೊದಲು ನಾನು ಆಚೆ ಬದಿಯಲ್ಲಿ 290 ಮೀಟರ್ ದೂರದ ವಾಹನವನ್ನು ಕಂಡು, ಅದರ ವೇಗವನ್ನು ಅಳೆದು, ಅದೇ ಕ್ಷಣದಲ್ಲಿ ಈಚೆ ಬದಿಯ ವಾಹನಗಳನ್ನೂ ಗಮನಿಸಬೇಕು. ಕನ್ನಡಕ ಹಾಕಿದರೂ ನನಗದು ಸಾಧ್ಯವಿಲ್ಲ.

ಈಗ ನಡುವೆ ಒಂದು ಕಟ್ಟೆಯನ್ನಿಡಿ. ಮೊದಲು ಬಲಕ್ಕೆ ಮಾತ್ರ ನೋಡಿ ಏಳು ಮೀಟರ್ ದಾಟುತ್ತೇನೆ. ಕಟ್ಟೆಯ ಮೇಲೆ ನಿಲ್ಲುತ್ತೇನೆ, ಉಸಿರಾಡುತ್ತೇನೆ. ಬಳಿಕ ಎಡಕ್ಕೆ ಮಾತ್ರ ನೋಡಿ ಉಳಿದ ಏಳು ಮೀಟರ್ ದಾಟುತ್ತೇನೆ. ಪ್ರತಿ ಬಾರಿಯೂ ನನಗೆ ಬೇಕಾದದ್ದು ಒಂಬತ್ತು ಸೆಕೆಂಡು, ಅಂದರೆ 150 ಮೀಟರಿನಷ್ಟು ಬಿಡುವು. ಎರಡೂ ಕಡೆ ಒಟ್ಟಿಗೆ ಬಿಡುವು ಸಿಗಲೆಂದು ದೇವರನ್ನು ಪ್ರಾರ್ಥಿಸುತ್ತ ನಿಲ್ಲಬೇಕಾಗಿಲ್ಲ. ಕಠಿಣವಾದ ಒಂದು ಲೆಕ್ಕವನ್ನು ಸುಲಭವಾದ ಎರಡು ಲೆಕ್ಕಗಳನ್ನಾಗಿ ಒಡೆಯುವುದು ಎಂದರೆ ಇದೇ. ನಡುವೆ ಕಟ್ಟೆ ಬಂದಾಗ ವಾಹನಗಳ ಹಾದಿ ತುಸು ಕಿರಿದಾಗುವುದರಿಂದ ಚಾಲಕರೂ ತಾವಾಗಿಯೇ ವೇಗ ತಗ್ಗಿಸುತ್ತಾರೆ. ಇಂತಹ ಕಟ್ಟೆಗಳಿಂದ ಪಾದಚಾರಿಗಳ ಅಪಘಾತಗಳು ಶೇಕಡ 56ರಷ್ಟು ಇಳಿಯಬಲ್ಲವೆಂದು ಅಮೆರಿಕದ ಫೆಡರಲ್ ಹೆದ್ದಾರಿ ಆಡಳಿತವು ಹೇಳುತ್ತದೆ. ಕಟ್ಟೆ ಸಾಕಷ್ಟು ಅಗಲವಿರಬೇಕು, ಗಾಲಿಕುರ್ಚಿಯೂ ಮಗುವಿನ ತಳ್ಳುಗಾಡಿಯೂ ಹಾದುಹೋಗುವಂತೆ ನಡುವೆ ಸಮತಟ್ಟಾದ ದಾರಿ ಬಿಟ್ಟಿರಬೇಕು ಎಂಬುದೂ ಅವರ ಕ್ರಮ. ಇನ್ನೂ ಸೂಕ್ಷ್ಮವಾಗಿ ಯೋಚಿಸಿದ ಕಡೆಗಳಲ್ಲಿ ಆ ದಾರಿಯನ್ನು ನೇರವಾಗಿ ಬಿಡದೆ ತುಸು ಪಕ್ಕಕ್ಕೆ ತಿರುಗಿಸುತ್ತಾರೆ. ಆಗ ನಡೆಯುವವನ ಮುಖ ತಾನಾಗಿಯೇ ಎದುರಿನಿಂದ ಬರುವ ವಾಹನಗಳ ಕಡೆಗೆ ತಿರುಗುತ್ತದೆ.

ನಮ್ಮ ಹಿರಿಯರಿಗೆ ಈ ಭಾವನೆ ಹೊಸದಲ್ಲ. ಹಳೆಯ ದಾರಿಗಳ ಬದಿಯಲ್ಲಿ ಎರಡು ಕಲ್ಲುಗಳನ್ನು ನೆಟ್ಟು ಮೇಲೊಂದು ಅಡ್ಡಗಲ್ಲನ್ನಿಟ್ಟ ಹೊರೆ ಇಳಿಸುವ ಕಲ್ಲುಗಳನ್ನು ನಿಮ್ಮಲ್ಲಿ ಕೆಲವರಾದರೂ ಕಂಡಿರಬಹುದು. ತಲೆಯ ಮೇಲೆ ಭಾರ ಹೊತ್ತು ಒಂಟಿಯಾಗಿ ಬರುವವನು ಇನ್ನೊಬ್ಬರ ಸಹಾಯವಿಲ್ಲದೆ ಹೊರೆಯನ್ನಿಳಿಸಿ, ದಣಿವಾರಿಸಿಕೊಂಡು, ಮತ್ತೆ ಹೊತ್ತುಕೊಂಡು ಹೋಗಲೆಂದು ಮಾಡಿದ ಏರ್ಪಾಟು ಅದು. ಅರಳಿಕಟ್ಟೆ, ಅರವಟ್ಟಿಗೆ, ಛತ್ರಗಳೂ ಇದೇ ಬಳಗದವು. ನಡೆಯುವವನಿಗೆ ದಣಿವಾಗುತ್ತದೆ, ಅವನು ನಿಲ್ಲಬೇಕಾಗುತ್ತದೆ ಎಂಬ ಅರಿವು ಆ ರಸ್ತೆಗಳಿಗಿತ್ತು.

ಈಗ, ಕೊನೆಯಲ್ಲಿ ಹೇಳುತ್ತೇನೆಂದ ಮಾತಿಗೆ ಬರುತ್ತೇನೆ.

ನಮ್ಮ ಶಾಲೆ ಹೆದ್ದಾರಿಯ ಒಂದು ಬದಿಗೆ, ಊರು ಇನ್ನೊಂದು ಬದಿಗೆ ಇದ್ದುದು ನಿಮಗೆಲ್ಲ ನೆನಪಿದೆ. ಸಂಜೆ ಗಂಟೆ ಹೊಡೆದ ಮೇಲೆ ಗೇಟಿನ ಬಳಿ ನಿಂತು ನಿಮ್ಮನ್ನು ದಾಟಿಸುವುದು ನನ್ನ ಪಾಲಿನ ಕೆಲಸವಾಗಿತ್ತು. ಆಗ ನಾನು ನಿಮಗೆ ಹೇಳುತ್ತಿದ್ದ ಮಾತೂ ನೆನಪಿರಬೇಕು: "ಎರಡೂ ಕಡೆ ನೋಡಿ, ಒಂದೇ ಉಸಿರಿಗೆ ಓಡಿಬಿಡಿ." 1994ರಲ್ಲಿ ರಸ್ತೆಯನ್ನು ಅಗಲ ಮಾಡಿದರು. ಆದರೆ ನನ್ನ ಮಾತು ಬದಲಾಗಲಿಲ್ಲ. ಮರುವರ್ಷ ಮಳೆಗಾಲದ ಒಂದು ಸಂಜೆ ಏಳನೆಯ ತರಗತಿಯ ಹುಡುಗನೊಬ್ಬ ಒಂದೇ ಉಸಿರಿಗೆ ಓಡಿದ. ಈಚೆ ಬದಿಯ ಬಸ್ಸನ್ನು ಕಂಡಿದ್ದ; ಅದರ ಮರೆಯಲ್ಲಿ ಆಚೆಯಿಂದ ಬರುತ್ತಿದ್ದ ಲಾರಿಯನ್ನು ಕಾಣಲಿಲ್ಲ. ನಡುರಸ್ತೆಯಲ್ಲಿ ಅವನಿಗೆ ನಿಲ್ಲಲು ಜಾಗವಿರಲಿಲ್ಲ. ಜೀವ ಉಳಿಯಿತು; ಎಡಗಾಲು ಮೊದಲಿನಂತಾಗಲಿಲ್ಲ. ಆಸ್ಪತ್ರೆಗೆ ನೋಡಲು ಹೋದಾಗ ಅವನು ನನ್ನನ್ನು ಸಮಾಧಾನಪಡಿಸುವಂತೆ, "ನೀವು ಹೇಳಿದ ಹಾಗೆ ಓಡಿದೆ ಸಾರ್" ಎಂದ. ಆ ಮಾತನ್ನು ನಾನು ಈವರೆಗೆ ಯಾರಿಗೂ ಹೇಳಿರಲಿಲ್ಲ. ಅವನು ಈ ಬರಹಗಳನ್ನು ಓದುತ್ತಾನೆ. ಅವನ ಒಪ್ಪಿಗೆ ಪಡೆದೇ ಇದನ್ನು ಬರೆದಿದ್ದೇನೆ, ಹೆಸರು ಬರೆಯುವುದಿಲ್ಲ.

ಕೆಲವು ವರ್ಷಗಳ ಅನಂತರ ಆ ಹೆದ್ದಾರಿಯ ನಡುವೆ ವಿಭಜಕ ಬಂದಿತು. ನಾವೆಲ್ಲ ಸಂತೋಷಪಟ್ಟೆವು. ಆದರೆ ಅದು ಕಟ್ಟೆಯಾಗಿರಲಿಲ್ಲ, ಬೇಲಿಯಾಗಿತ್ತು. ಒಂದಡಿ ಅಗಲದ ಕಾಂಕ್ರೀಟು, ಅದರ ಮೇಲೆ ಎದೆಯೆತ್ತರದ ಕಬ್ಬಿಣದ ಸರಳು; ದಾಟಲು ತೆರಪು ಬೇಕಾದರೆ ಒಂದು ಕಿಲೋಮೀಟರ್ ನಡೆಯಬೇಕು. ಕೆಲವೇ ದಿನಗಳಲ್ಲಿ ಯಾರೋ ಒಂದು ಸರಳನ್ನು ಕಿತ್ತರು. ಆ ಸಂದಿಯಲ್ಲಿ ಮಕ್ಕಳು ಚೀಲ ಮುಂದೆ ಮಾಡಿಕೊಂಡು ನುಸುಳುತ್ತಿದ್ದರು, ಮುದುಕಿಯರು ಸೀರೆ ಎತ್ತಿ ಕಟ್ಟಿ ದಾಟುತ್ತಿದ್ದರು. ನೋಡಿದವರು ನಮ್ಮ ಜನಕ್ಕೆ ಶಿಸ್ತೇ ಇಲ್ಲವೆಂದರು. ಅಮೆರಿಕದವರು 'ಗಮಾರ' ಎಂದ ಮಾತಿಗೂ ಈ ಮಾತಿಗೂ ವ್ಯತ್ಯಾಸವೇನೆಂದು ನನಗೆ ತಿಳಿಯುವುದಿಲ್ಲ.

ಲಿವರ್‌ಪೂಲಿನ ಜೀನುಗಾರ ಕೇಳಿದ್ದು ಆಸರೆಯನ್ನು. ನಾವು ಕಟ್ಟುತ್ತಿರುವುದು ಹೆಚ್ಚಾಗಿ ವಿಭಜಕವನ್ನು. ಎರಡೂ ರಸ್ತೆಯ ನಡುವೆಯೇ ಇರುತ್ತವೆ, ಎರಡಕ್ಕೂ ಸಿಮೆಂಟೇ ಬೇಕು. ಒಂದು ನಡೆಯುವವನಿಗಾಗಿ ಇರುವುದು. ಇನ್ನೊಂದು ನಡೆಯುವವನು ಅಡ್ಡ ಬರಬಾರದೆಂದು ಇರುವುದು. ಒಂದೂವರೆ ಶತಮಾನದ ಈ ಇತಿಹಾಸದಲ್ಲಿ ನಾನು ಕಂಡ ಸಾರ ಇಷ್ಟೇ.

2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ ಪಾದಚಾರಿಗಳು 32,825. ದಿನಕ್ಕೆ ತೊಂಬತ್ತರ ಲೆಕ್ಕ. ನಮ್ಮ ಶಾಲೆಯ ಎರಡು ತರಗತಿಗಳ ಹಾಜರಿ ಪುಸ್ತಕ. 2025ರ ಮೇ ತಿಂಗಳಿನಲ್ಲಿ ಸುಪ್ರೀಂ ಕೋರ್ಟು, ಪಾದಚಾರಿಗಳು ಕಾಲುದಾರಿಯನ್ನು ಬಳಸುವ ಹಕ್ಕು ಸಂವಿಧಾನದ 21ನೆಯ ವಿಧಿ ಕೊಡುವ ಜೀವಿಸುವ ಹಕ್ಕಿನಲ್ಲಿಯೇ ಸೇರಿದೆ ಎಂದು ಹೇಳಿತು. ಬದಿಯಲ್ಲಿ ನಡೆಯುವ ಹಕ್ಕಿನೊಡನೆ, ಆ ಬದಿಯಿಂದ ಈ ಬದಿಗೆ ಬರುವ ಹಕ್ಕೂ ಸೇರಿಕೊಳ್ಳಲಿ ಎಂಬುದು ನನ್ನ ಹಾರೈಕೆ.

ನಿಮ್ಮಲ್ಲಿ ಅನೇಕರು ಎಂಜಿನಿಯರುಗಳಾಗಿದ್ದೀರಿ, ಗುತ್ತಿಗೆದಾರರಾಗಿದ್ದೀರಿ, ಒಬ್ಬಿಬ್ಬರು ಪಂಚಾಯಿತಿ, ಪುರಸಭೆಗಳಲ್ಲಿಯೂ ಇದ್ದೀರಿ. ನಕ್ಷೆಯಲ್ಲಿ ರಸ್ತೆಯ ನಡುವೆ ಗೆರೆ ಎಳೆಯುವಾಗ ಶಾಲೆಯ ಮುಂದೆ, ಆಸ್ಪತ್ರೆಯ ಮುಂದೆ, ಬಸ್ ನಿಲ್ದಾಣದ ಮುಂದೆ ಆರಡಿ ಅಗಲದ ಕಟ್ಟೆಯೊಂದಕ್ಕೆ ಜಾಗ ಬಿಡಿ. ಉಳಿದವರೆಲ್ಲ ಕಾರು, ಸ್ಕೂಟರು ಓಡಿಸುವವರು. ನಡುರಸ್ತೆಯಲ್ಲಿ ಕಂಬ ಹಿಡಿದು ನಿಂತ ಮುದುಕನನ್ನೋ ಮಗುವನ್ನೋ ಕಂಡರೆ, ಅವರು ಅರ್ಧ ದಾರಿಯನ್ನು ಈಗಾಗಲೇ ದಾಟಿದ್ದಾರೆಂದು ನೆನೆದು ಒಂಬತ್ತು ಸೆಕೆಂಡು ನಿಲ್ಲಿ. ಅಷ್ಟು ಹೊತ್ತು ನಿಂತದ್ದರಿಂದ ಯಾರ ಕೆಲಸವೂ ಕೆಟ್ಟುದನ್ನು ನಾನು ಕಂಡಿಲ್ಲ.

ಮತ್ತೆ, ನಾನು ಗೇಟಿನ ಬಳಿ ನಿಂತು ಹೇಳುತ್ತಿದ್ದ ಆ ಮಾತನ್ನು ಇಂದು ಹಿಂದಕ್ಕೆ ಪಡೆಯುತ್ತಿದ್ದೇನೆ. ನಿಮ್ಮ ಮಕ್ಕಳಿಗೆ, ಮೊಮ್ಮಕ್ಕಳಿಗೆ ಅದನ್ನು ಕಲಿಸಿದ್ದರೆ ದಯವಿಟ್ಟು ತಿದ್ದಿರಿ. ಓಡಬೇಡಿ. ಅರ್ಧ ದಾಟಿ, ನಿಲ್ಲಿ, ಮತ್ತೆ ನೋಡಿ, ಉಳಿದರ್ಧ ದಾಟಿ.

ಎಲ್ಲರಿಗೂ ಒಳ್ಳೆಯದಾಗಲಿ.

ನಿಮ್ಮ ಮೇಷ್ಟ್ರು